ಕಾಫಿ ಎಲೆಯ ಒಲೆಗೆ ಎಷ್ಟು ಬಿಸಿಲು ಸಾಕು?

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಒಂದು ಬದಿ ಅರೇಬಿಕಾ, ಇನ್ನೊಂದು ಬದಿ ರೊಬಸ್ಟಾ. ಕೆಲವು ವರ್ಷಗಳ ಹಿಂದೆ ಆಗಸ್ಟ್ ಗಾಳಿಗೆ ಅರೇಬಿಕಾ ನಡುವೆ ಇದ್ದ ದೊಡ್ಡ ಅತ್ತಿ ಮರ ಬುಡಸಮೇತ ಉರುಳಿತು. ಬಿದ್ದ ಏಟಿಗೆ ಹತ್ತು ಹನ್ನೆರಡು ಗಿಡ ಹೋದವು. ಸುತ್ತ ಉಳಿದ ಮೂವತ್ತು ಗಿಡಗಳ ನೆತ್ತಿಯ ಮೇಲೆ ನೇರ ಆಕಾಶ.

ಮೊದಲ ಬೇಸಿಗೆಯಲ್ಲಿ ಆ ಗಿಡಗಳು ಹಳದಿಯಾದವು. ಸತ್ತೇ ಹೋಗುತ್ತವೆ ಅಂದುಕೊಂಡೆ. ಹೋಗಲಿಲ್ಲ. ಮರುವರ್ಷ ರೆಕ್ಕೆ ರೆಕ್ಕೆಗೂ (ಕಾಫಿ ಗಿಡದ ಅಡ್ಡ ಕೊಂಬೆಗೆ ನಾವು ರೆಕ್ಕೆ ಅನ್ನುತ್ತೇವೆ) ಹಣ್ಣು ಕಚ್ಚಿಕೊಂಡು ನಿಂತವು. ಪಕ್ಕದ ತೋಟದವರು ಬೇಲಿ ಹತ್ತಿರ ನಿಂತು ನೋಡಿ, "ಕಂಡಿರಾ? ಇಷ್ಟೊಂದು ಮರ ಇಟ್ಕೊಂಡು ಏನ್ ಮಾಡ್ತೀರಿ ಮಾರಾಯ್ರೆ, ಬಿಸಿಲು ಬಿಡಿ" ಅಂದರು. ನನಗೂ ಹೌದಲ್ವಾ ಅನ್ನಿಸಿತು. ಮೂರನೇ ವರ್ಷ ಅದೇ ಗಿಡಗಳ ರೆಕ್ಕೆಯ ತುದಿ ಕಪ್ಪಾಗಿ ಒಣಗಿತು. ಎಲೆ ಉದುರಿ ಕಡ್ಡಿ ಮಾತ್ರ ಉಳಿಯಿತು. ಐದಾರು ಗಿಡಗಳ ಕಾಂಡದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಸೇರಿಕೊಂಡಿತ್ತು.

ಮೂವತ್ತು ಗಿಡ ನೋಡಿ ಇಡೀ ಜಿಲ್ಲೆಗೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ಈಗ ಕೊಡಗಿನಲ್ಲಿ ಎಲ್ಲಿ ನಾಲ್ಕು ಜನ ಬೆಳೆಗಾರರು ಸೇರಿದರೂ ಮಾತು ತೋಟಕ್ಕೆ ಮರದ ನೆರಳು ಬೇಕಾ ಬೇಡವಾ ಎಂಬಲ್ಲಿಗೇ ಬರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. 2024ರಲ್ಲಿ ರೊಬಸ್ಟಾ ಚೆರ್ರಿಯ (ಒಣಗಿಸಿದ ಕಾಫಿ ಹಣ್ಣಿನ) 50 ಕೆ.ಜಿ. ಮೂಟೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲೆ ಒಂದೊಂದು ಗಿಡದ ಮೇಲೂ ಎಲ್ಲರಿಗೂ ಕಣ್ಣು. ನೆರಳು ಕಮ್ಮಿ ಮಾಡಿದರೆ ಫಸಲು ಜಾಸ್ತಿ ಅನ್ನುವುದು ಸುಮ್ನೆ ಹುಟ್ಟಿದ ಮಾತಲ್ಲ, ಕಣ್ಣಾರೆ ಕಂಡವರೇ ಹೇಳುವ ಮಾತು. ಅದಕ್ಕೆ ಕೊಡುವ ಕಾರಣ ಮಾತ್ರ ಅರ್ಧ ಸರಿ. "ಎಲೆ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಹಾಗಾಗಿ ಬಿಸಿಲು ಜಾಸ್ತಿಯಾದರೆ ಅಡುಗೆಯೂ ಜಾಸ್ತಿ" ಎಂಬ ಲೆಕ್ಕ ಅದು. ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಪಾಠ ಕಲಿತ ಯಾರಿಗೂ ಇದು ಸರಿ ಅಂತಲೇ ಅನಿಸುತ್ತದೆ. ಕಾಫಿ ಎಲೆ ಮಾತ್ರ ಹಾಗೆ ನಡೆದುಕೊಳ್ಳುವುದಿಲ್ಲ.

ಮೊದಲು ಅಡುಗೆಯ ಸಾಮಾನು ಎಲ್ಲಿಂದ ಬರುತ್ತದೆ ನೋಡೋಣ. ತೋಟದಲ್ಲಿ ಗೊಬ್ಬರ ಹಾಕುವಾಗ ನಾವು "ಗಿಡಕ್ಕೆ ಊಟ ಕೊಟ್ಟೆವು" ಅನ್ನುತ್ತೇವೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೋ ಒಣಮಣ್ಣು ತೂಗಿ ತೊಟ್ಟಿಗೆ ತುಂಬಿ, ಅದರಲ್ಲಿ ಎರಡೂಕಾಲು ಕಿಲೋದ ವಿಲ್ಲೋ ಸಸಿ ನೆಟ್ಟ. ಐದು ವರ್ಷ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಮರ 77 ಕಿಲೋ ತೂಗಿತು. ಮಣ್ಣು ಒಣಗಿಸಿ ಮತ್ತೆ ತೂಗಿದರೆ ಕಮ್ಮಿಯಾಗಿದ್ದು ಬರೀ 57 ಗ್ರಾಂ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ಸತ್ತ ಮೇಲೆ, 1648ರಲ್ಲಿ, ಈ ಲೆಕ್ಕ ಅಚ್ಚಾಯಿತು. ಪಾಪ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆತಿದ್ದ. ಗಿಡದ ಹಸಿರು ಭಾಗ, ಅದೂ ಬೆಳಕಿದ್ದಾಗ ಮಾತ್ರ, ಕೆಟ್ಟ ಗಾಳಿಯನ್ನು ಸರಿ ಮಾಡುತ್ತದೆ ಎಂದು ಯಾನ್ ಇಂಗನ್‌ಹೌಸ್ ತೋರಿಸಿದ್ದು 1779ರಲ್ಲಿ.

ಒಂದು ಗಿಡವನ್ನು ಪೂರ್ತಿ ಒಣಗಿಸಿ ತೂಗಿದರೆ ನೂರಕ್ಕೆ ಸುಮಾರು 95ರಷ್ಟು ತೂಕ ಇಂಗಾಲ, ಆಮ್ಲಜನಕ, ಜಲಜನಕದ್ದೇ. ಇಂಗಾಲವೆಲ್ಲ ಗಾಳಿಯದು, ಜಲಜನಕ ನೀರಿನದು. ಕಣದಲ್ಲಿ ಒಣಗಲು ಹರಡಿದ ಚೆರ್ರಿ ರಾಶಿ ಇದೆಯಲ್ಲ, ಅದರಲ್ಲಿ ಹೆಚ್ಚಿನದು ಗಾಳಿಯನ್ನು ಗಟ್ಟಿ ಮಾಡಿದ್ದು. ಯೂರಿಯಾ, ರಾಕ್ ಫಾಸ್ಫೇಟ್, ಪೊಟ್ಯಾಷ್ ಇವೆಲ್ಲ ಉಪ್ಪು, ಹುಳಿ, ಖಾರ. ಬೇಕೇ ಬೇಕು, ಇಲ್ಲದಿದ್ದರೆ ಅಡುಗೆ ಕೆಡುತ್ತದೆ. ಆದರೆ ಬರೀ ಉಪ್ಪು ಹುಳಿ ತಿಂದು ಯಾರ ಹೊಟ್ಟೆಯೂ ತುಂಬುವುದಿಲ್ಲ.

ಇನ್ನು ಅಡುಗೆ ಮನೆ. ಎಲೆಯೊಳಗೆ ಎರಡು ಕೆಲಸ ನಡೆಯುತ್ತದೆ. ಒಂದು ಬೆಳಕು ಹಿಡಿಯುವುದು. ಇದು ಪತ್ರಹರಿತ್ತಿನ ಕೆಲಸ. ಅದು ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಎಲೆ ನಮಗೆ ಹಸಿರಾಗಿ ಕಾಣುವುದು ಅದಕ್ಕೇ. ಹಿಡಿದ ಬೆಳಕಿನ ಬಲದಿಂದ ನೀರಿನ ಅಣು ಒಡೆಯುತ್ತದೆ, ಆಮ್ಲಜನಕ ಹೊರಗೆ ಹೋಗುತ್ತದೆ. ನಾವು ಉಸಿರಾಡುವ ಆಮ್ಲಜನಕ ನೀರಿನಿಂದ ಬಂದದ್ದೇ ಹೊರತು ಇಂಗಾಲದ ಡೈಆಕ್ಸೈಡಿನಿಂದ ಅಲ್ಲ ಎಂಬುದಕ್ಕೆ 1941ರ ಪ್ರಯೋಗ ಸಾಕ್ಷಿ ಕೊಟ್ಟಿತು. ಬೆಳಕಿನ ಶಕ್ತಿ ಎಟಿಪಿಯಂಥ ಪುಟ್ಟ ಅಣುಗಳಲ್ಲಿ ತುಂಬಿಕೊಳ್ಳುತ್ತದೆ. ಉರಿಯುವ ಸೌದೆ ಇದು.

ಎರಡನೆಯದು ಆ ಉರಿಯಲ್ಲಿ ಬೇಯಿಸುವ ಕೆಲಸ. ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಮಾಡಬೇಕು. ಹಿಡಿಯುವವನ ಹೆಸರು ರುಬಿಸ್ಕೊ, ಒಂದು ಪ್ರೋಟೀನು. ಈ ದಾರಿಯ ಒಂದೊಂದು ಹೆಜ್ಜೆಯನ್ನೂ ಪತ್ತೆ ಮಾಡಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂತು. ರುಬಿಸ್ಕೊ ತುಂಬಾ ನಿಧಾನಿ. ಬೇರೆ ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಅಣುಗಳನ್ನು ಮುಗಿಸಿ ಕೈ ತೊಳೆದುಕೊಂಡರೆ ಇದು ಮೂರೋ, ನಾಲ್ಕೋ, ಹೆಚ್ಚೆಂದರೆ ಹತ್ತೋ ಅಣು ಹಿಡಿಯುತ್ತದೆ. ಒಬ್ಬ ಆಳು ನಿಧಾನ ಅಂದರೆ ಏನು ಮಾಡುತ್ತೇವೆ? ಹತ್ತು ಆಳು ಕರೆಯುತ್ತೇವೆ. ಗಿಡವೂ ಅಷ್ಟೇ, ರಾಶಿ ರಾಶಿ ರುಬಿಸ್ಕೊ ಮಾಡಿ ಎಲೆಯಲ್ಲಿ ತುಂಬುತ್ತದೆ. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೋಟೀನು ಇದೇ ಎನ್ನುತ್ತಾರೆ. ಪ್ರೋಟೀನಿಗೆ ಸಾರಜನಕ ಬೇಕು. ನಾವು ಹಾಕುವ ಯೂರಿಯಾದ ದೊಡ್ಡ ಪಾಲು ಹೋಗಿ ಸೇರುವುದು ಈ ನಿಧಾನದ ಆಳುಗಳ ಮೈಗೆ.

ಈಗ ಬಿಸಿಲಿನ ಲೆಕ್ಕಕ್ಕೆ ಬರೋಣ. ಒಲೆಗೆ ಸೌದೆ ಹಾಕುತ್ತಾ ಹೋದಂತೆ ಒಂದು ಹಂತದವರೆಗೆ ಅನ್ನ ಬೇಗ ಬೇಯುತ್ತದೆ. ಆಮೇಲೆ ಎಷ್ಟು ಸೌದೆ ತುರುಕಿದರೂ ಪಾತ್ರೆಯಲ್ಲಿರುವ ಅಕ್ಕಿ ಅಷ್ಟೇ ಅಲ್ವಾ? ಎಲೆಗೂ ಅಂಥ ಹಂತ ಇದೆ. ಬೆಳಕು ಹೆಚ್ಚಿದರೂ ರುಬಿಸ್ಕೊ ಕೈ ಖಾಲಿ ಇರುವುದಿಲ್ಲ. ಬಯಲಿನಲ್ಲಿ ಮೋಡವಿಲ್ಲದ ನಡು ಮಧ್ಯಾಹ್ನದ ಬಿಸಿಲನ್ನು 100 ಎಂದು ಇಟ್ಟುಕೊಂಡರೆ, ಒಂದು ಕಾಫಿ ಎಲೆಗೆ ಸುಮಾರು 20ರಿಂದ 35 ಇದ್ದರೆ ಸಾಕು. ಅದರ ಅಡುಗೆ ಅಲ್ಲಿಗೆ ತಾರಕ ಮುಟ್ಟಿರುತ್ತದೆ. ಮಿಕ್ಕ ಬಿಸಿಲೆಲ್ಲ ದಂಡ. ದಂಡವಾದರೆ ಪರವಾಗಿಲ್ಲ, ಅದು ಕೇಡೂ ಮಾಡುತ್ತದೆ. ಹಿಡಿದ ಶಕ್ತಿಗೆ ಹೋಗಲು ದಾರಿ ಸಿಗದಿದ್ದರೆ ಅದು ಎಲೆಯೊಳಗಿನ ಯಂತ್ರವನ್ನೇ ಸುಡುತ್ತದೆ. ಅತ್ತಿ ಮರ ಬಿದ್ದ ಮೊದಲ ಬೇಸಿಗೆಯಲ್ಲಿ ನಮ್ಮ ಗಿಡ ಹಳದಿಯಾಗಿದ್ದು ನೀರಿಲ್ಲದೆ ಮಾತ್ರ ಅಲ್ಲ, ಬೆಳಕು ಹೊಟ್ಟೆಗೆ ಜಾಸ್ತಿಯಾಗಿ ಕೂಡ.

ಇದು ಕಾಫಿಯ ಹುಟ್ಟುಗುಣ. ಅರೇಬಿಕಾದ ತವರು ಇಥಿಯೋಪಿಯಾದ ಬೆಟ್ಟದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ, ಎಲೆ ಸಂದಿನಿಂದ ಜಾರಿ ಬೀಳುವ ಬಿಸಿಲ ಚುಕ್ಕೆ ತಿಂದು ಬೆಳೆದ ಗಿಡ. ನಂಬದವರು ತೋಟದಲ್ಲೇ ನೋಡಬಹುದು. ಒಂದೇ ತಳಿಯ ಎರಡು ಗಿಡ, ಒಂದು ನೆರಳಿನದು, ಒಂದು ಬಯಲಿನದು. ಒಂದೊಂದು ಎಲೆ ಕಿತ್ತು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳಿ. ನೆರಳಿನ ಎಲೆ ಅಗಲ, ತೆಳು, ಕಡು ಹಸಿರು. ಬೆಳಕಿಗೆ ಹಿಡಿದರೆ ನರಗಳೆಲ್ಲ ಕಾಣುತ್ತವೆ. ಬಯಲಿನ ಎಲೆ ಸಣ್ಣದು, ದಪ್ಪ, ಹಸಿರಿಗಿಂತ ಹಳದಿ ಕಡೆ ವಾಲಿದ ಬಣ್ಣ. ಮಡಚಿದರೆ ಟಪ್ ಅನ್ನುತ್ತದೆ. ಮೊದಲನೆಯದು ಸಿಕ್ಕಿದಷ್ಟೂ ಬೆಳಕು ಬಾಚಿಕೊಳ್ಳಲು ಕೈ ಚಾಚಿದೆ. ಎರಡನೆಯದು ಬೆಳಕಿನಿಂದ ತಪ್ಪಿಸಿಕೊಳ್ಳಲು ಮೈ ಮುದುಡಿಕೊಂಡಿದೆ.

ಹಾಗಾದರೆ ಬಿಸಿಲು ಬಿಟ್ಟ ಮೇಲೆ ಫಸಲು ಹೇಗೆ ಜಾಸ್ತಿಯಾಯಿತು? ಸಿಟ್ಟಿನಲ್ಲಿ ಕೇಳುವ ಪ್ರಶ್ನೆಯಾದರೂ ನ್ಯಾಯವಾದ ಪ್ರಶ್ನೆ. ಉತ್ತರ ಎಲೆಯಲ್ಲಿ ಇಲ್ಲ, ಗಿಣ್ಣಿನಲ್ಲಿ ಇದೆ. ಬೆಳಕು ಜಾಸ್ತಿ ಬಿದ್ದ ರೆಕ್ಕೆಯಲ್ಲಿ ಗಿಣ್ಣು ಜಾಸ್ತಿ, ಒಂದೊಂದು ಗಿಣ್ಣಿಗೂ ಹೂಮೊಗ್ಗು ಜಾಸ್ತಿ. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ನಾವು ನೋಡುವುದು ಹೂವನ್ನು. ಗಿಡಕ್ಕೆ ಅವು ಮುಂದಿನ ಎಂಟು ಹತ್ತು ತಿಂಗಳು ಸಾಕಬೇಕಾದ ಬಾಯಿಗಳು. ಅಂದರೆ ಬಿಸಿಲು ಮಾಡುವುದು ಬಾಯಿಗಳನ್ನು ಹೆಚ್ಚಿಸುವ ಕೆಲಸ. ಅಡುಗೆಯನ್ನು ಅದು ಆ ಪ್ರಮಾಣದಲ್ಲಿ ಹೆಚ್ಚಿಸುವುದಿಲ್ಲ.

ಮಾವು, ಗೋಡಂಬಿಯಂಥ ಮರಗಳು ಸಾಕಲಾಗದಷ್ಟು ಮಿಡಿ ಕಚ್ಚಿದರೆ ಮುಲಾಜಿಲ್ಲದೆ ಉದುರಿಸುತ್ತವೆ. ಕಾಫಿಗೆ ಆ ಬುದ್ಧಿ ಕಮ್ಮಿ. ಕಾಡಿನ ನೆರಳಿನಲ್ಲಿ ಅದಕ್ಕೆ ಹೂವು ಬರುತ್ತಿದ್ದದ್ದೇ ಸ್ವಲ್ಪ. ಉದುರಿಸುವ ಅಭ್ಯಾಸವೇ ಆಗಲಿಲ್ಲ. ಕಚ್ಚಿದ್ದನ್ನೆಲ್ಲ ಸಾಕಲು ಹೋಗುತ್ತದೆ. ಎಲೆ ಆ ದಿನ ಮಾಡಿದ ಸಕ್ಕರೆ ಸಾಲದೆ ಬಂದಾಗ ಬೇರು, ಕಾಂಡ, ರೆಕ್ಕೆಗಳಲ್ಲಿ ಕೂಡಿಟ್ಟ ಪಿಷ್ಟಕ್ಕೆ ಕೈ ಹಾಕುತ್ತದೆ. ಅದೂ ಮುಗಿದ ಮೇಲೆ ಬೇರಿನ ತುದಿ ಸಾಯುತ್ತದೆ, ರೆಕ್ಕೆಯ ತುದಿ ಒಣಗುತ್ತದೆ, ಎಲೆ ಉದುರುತ್ತದೆ. ತೋಟದವರು ಡೈಬ್ಯಾಕ್ ಅನ್ನುವುದು ಇದಕ್ಕೇ. ರೋಗ ಅಂದುಕೊಂಡು ಔಷಧಿ ಹೊಡೆಯುವವರನ್ನು ನೋಡಿದ್ದೇನೆ, ನಾನೂ ಒಮ್ಮೆ ಹೊಡೆದೆ. ಸಾಲ ಮಾಡಿ ಮದುವೆ ಮಾಡಿದ ಮನೆಗೆ ಜ್ವರದ ಮಾತ್ರೆ ಕೊಟ್ಟ ಹಾಗೆ ಅದು. ಹೀಗೆ ಸೋತ ಅರೇಬಿಕಾ ಗಿಡಕ್ಕೆ ಎಲೆತುಕ್ಕೂ ಬೇಗ ಹಿಡಿಯುತ್ತದೆ. ಒಂದು ವರ್ಷ ಜೋರು ಫಸಲು, ಮರುವರ್ಷ ಖಾಲಿ. ಬಯಲಿನಲ್ಲಿ ಈ ಏರಿಳಿತ ಜಾಸ್ತಿ.

ರೊಬಸ್ಟಾ ಇಷ್ಟು ನಾಜೂಕಲ್ಲ, ಒಪ್ಪಬೇಕು. ತಗ್ಗಿನ ಬಿಸಿ ಜಾಗದಿಂದ ಬಂದ ಗಿಡ, ತೆಳು ನೆರಳು ಸಾಕು. ನೀರು ಕೊಟ್ಟು, ಗೊಬ್ಬರ ಕೊಟ್ಟು, ಕಪಾತು (ಗಿಡದ ಕೊಂಬೆ ಸವರುವುದು) ಸರಿ ಮಾಡಿದರೆ ಬಿಸಿಲಿನ ಲಾಭವನ್ನು ಅದು ಅರೇಬಿಕಾಗಿಂತ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸಿದ್ದಾಪುರ, ಅಮ್ಮತ್ತಿ ಕಡೆಯ ರೊಬಸ್ಟಾ ಬೆಳೆಗಾರರು ಮಾದಾಪುರದ ಅರೇಬಿಕಾ ಬೆಳೆಗಾರರ ಮಾತು ಕೇಳಿ ನಗುವುದರಲ್ಲಿ ಅರ್ಥ ಇದೆ.

ಬೆಳಕಿಗಿಂತ ದೊಡ್ಡ ತಾಪತ್ರಯ ಅದರ ಜೊತೆ ಬರುವ ಬಿಸಿ. ಕಾಫಿ ಎಲೆಯನ್ನು ತಿರುವಿ ಹಾಕಿದರೆ ಅಡಿಭಾಗದಲ್ಲಿ ಸಣ್ಣ ಸಣ್ಣ ಬಾಯಿಗಳಿವೆ, ಬರಿಗಣ್ಣಿಗೆ ಕಾಣುವುದಿಲ್ಲ. ಇವೇ ಪತ್ರರಂಧ್ರ. ಕಾಫಿಯಲ್ಲಿ ಇವು ಎಲೆಯ ಅಡಿಯಲ್ಲಿ ಮಾತ್ರ. ಎಲೆತುಕ್ಕಿನ ಬೂಸ್ಟು ಒಳಗೆ ನುಗ್ಗುವುದೂ ಇದೇ ಬಾಗಿಲಿನಿಂದ. ಕಿತ್ತಳೆ ಪುಡಿ ಯಾವಾಗಲೂ ಎಲೆಯ ಅಡಿಯಲ್ಲಿ ಕಾಣುವುದು, ಬೋರ್ಡೋ ಔಷಧಿ ಹೊಡೆಯುವಾಗ "ಅಡಿಯಿಂದ ಹೊಡೀರಿ" ಎಂದು ಕೆಲಸ ನೋಡಿಕೊಳ್ಳುವ ರೈಟರ್ ಕೂಗುವುದು ಎರಡಕ್ಕೂ ಕಾರಣ ಇದೇ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಈ ಬಾಗಿಲು ತೆರೆದಿರಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಅಣು ಇಂಗಾಲದ ಡೈಆಕ್ಸೈಡ್ ಒಳಗೆ ಬರುವಷ್ಟರಲ್ಲಿ ನೂರಾರು ಅಣು ನೀರು ಹೋಗಿರುತ್ತದೆ. ತುಂಬಾ ದುಬಾರಿ ವ್ಯಾಪಾರ.

ಗಾಳಿ ಒಣಗಿದಷ್ಟೂ ಈ ನಷ್ಟ ಜಾಸ್ತಿ. ಕಾಫಿ ಗಿಡ ಈ ವಿಷಯದಲ್ಲಿ ಬಹಳ ಜುಗ್ಗ. ಗಾಳಿ ಸ್ವಲ್ಪ ಒಣಗಿದರೂ ಬಾಗಿಲು ಹಾಕುತ್ತದೆ, ಮಣ್ಣಿನಲ್ಲಿ ನೀರಿದ್ದರೂ ಸರಿ. ಬೆಳಗಿನ ಹೊತ್ತು ಇಬ್ಬನಿ ಆರುವಾಗ ಅದರ ಕೆಲಸ ಜೋರು. ಮಾರ್ಚ್ ತಿಂಗಳ ಮಧ್ಯಾಹ್ನ, ಬಯಲಿನಲ್ಲಿ ಬಿಸಿಲು ಚೆನ್ನಾಗಿ ಹೊಡೆಯುವಾಗ, ಗಿಡ ಅಂಗಡಿ ಮುಚ್ಚಿ ಕೂತಿರುತ್ತದೆ. ಒಲೆ ಧಗಧಗ ಉರಿಯುತ್ತಿದೆ, ಅಕ್ಕಿ ಒಳಗೆ ಬರುತ್ತಿಲ್ಲ. ಸ್ಪ್ರಿಂಕ್ಲರ್ ಹಾಕಿದ ದಿನ ಗಿಡ ಕಳೆಗಟ್ಟುವುದು ಬೇರಿಗೆ ನೀರು ಸಿಕ್ಕಿದ್ದಕ್ಕೆ ಮಾತ್ರ ಅಲ್ಲ, ಸುತ್ತಲ ಗಾಳಿ ತೇವವಾದದ್ದಕ್ಕೂ. ಮರದ ನೆರಳು ಅದೇ ಕೆಲಸವನ್ನು ಡೀಸೆಲ್ ಇಲ್ಲದೆ ಮಾಡುತ್ತದೆ. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆಯಲ್ಲಿ ಕೆರೆಗಳು ತಳ ಕಂಡಾಗ ಈ ವ್ಯತ್ಯಾಸ ತೋಟದಿಂದ ತೋಟಕ್ಕೆ ಕಣ್ಣಿಗೆ ಹೊಡೆಯುತ್ತಿತ್ತು.

ಬಿಸಿಯಲ್ಲಿ ಇನ್ನೊಂದು ಯಡವಟ್ಟೂ ಆಗುತ್ತದೆ. ರುಬಿಸ್ಕೊ ನಿಧಾನಿ ಮಾತ್ರ ಅಲ್ಲ, ಸ್ವಲ್ಪ ಮರೆಗುಳಿ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಬದಲು ಆಗಾಗ ಆಮ್ಲಜನಕ ಹಿಡಿದುಬಿಡುತ್ತದೆ. ಆ ತಪ್ಪು ತಿದ್ದಲು ಮಾಡಿಟ್ಟ ಸಕ್ಕರೆಯನ್ನೇ ಖರ್ಚು ಮಾಡಬೇಕು. ಬಿಸಿ ಏರಿದಂತೆ, ಬಾಗಿಲು ಮುಚ್ಚಿದಂತೆ ಈ ತಪ್ಪು ಹೆಚ್ಚು. ಕಾಫಿ, ಭತ್ತ, ಕರಿಮೆಣಸು ಮೂರೂ ಈ ಗುಂಪಿನವು. ಕುಶಾಲನಗರ ಕಡೆಯ ಮುಸುಕಿನ ಜೋಳ, ರಾಗಿ ಬೇರೆ ಗುಂಪು. ಅವು ಇಂಗಾಲದ ಡೈಆಕ್ಸೈಡನ್ನು ಮೊದಲೇ ಒಂದು ಕೋಣೆಯಲ್ಲಿ ಒತ್ತಾಗಿ ತುಂಬಿಸಿ ರುಬಿಸ್ಕೊ ಮುಂದೆ ಇಡುತ್ತವೆ, ತಪ್ಪಾಗಲು ಜಾಗವೇ ಇಲ್ಲ. ಅದಕ್ಕೇ ಉರಿಬಿಸಿಲಿನಲ್ಲೂ ಜೋಳ ನಗುತ್ತಾ ನಿಲ್ಲುತ್ತದೆ. ಅನಾನಸ್ ಮತ್ತು ವೆನಿಲಾದ್ದು ಇನ್ನೂ ಜಾಣತನ. ಬಾಗಿಲು ತೆರೆಯುವುದು ರಾತ್ರಿ, ಅಡುಗೆ ಮಾಡುವುದು ಹಗಲು. ಇಪ್ಪತ್ತು ವರ್ಷದ ಹಿಂದೆ ವೆನಿಲಾ ಹುಚ್ಚಿನಲ್ಲಿ ನಾವು ನೆಟ್ಟ ಬಳ್ಳಿಗಳು ಈಗಲೂ ಒಂದೆರಡು ಮರದ ಮೇಲೆ ಬದುಕಿವೆ. ಬೆಲೆ ಸತ್ತಿತು, ಬಳ್ಳಿ ಸಾಯಲಿಲ್ಲ.

ಜೋಳ ನೋಡಿ ಕಾಫಿಗೆ ಬಿಸಿಲು ಲೆಕ್ಕ ಹಾಕಬಾರದು ಎನ್ನಲು ಇಷ್ಟು ಹೇಳಿದೆ.

ಇಷ್ಟಾದ ಮೇಲೆ "ಹಾಗಾದರೆ ದಟ್ಟ ನೆರಳೇ ಒಳ್ಳೆಯದು" ಎಂದು ಯಾರಾದರೂ ಅಂದರೆ ಅವರು ಕೊಡಗಿನ ಜುಲೈ ನೋಡಿಲ್ಲ ಎಂದೇ ಅರ್ಥ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಹಗಲು ಹನ್ನೊಂದಕ್ಕೂ ಮನೆಯಲ್ಲಿ ಲೈಟ್ ಬೇಕು. ಅಂಥ ದಿನ ಮರದ ಕೆಳಗಿನ ಎಲೆಗೆ 20 ಎಲ್ಲಿ, ಐದು ಸಿಕ್ಕಿದರೂ ಪುಣ್ಯ. ಉಸಿರಾಟಕ್ಕೆ ಖರ್ಚಾಗುವ ಸಕ್ಕರೆಯಷ್ಟೂ ಮಾಡಲಾಗದ ದಿನಗಳು ಅವು. ಅದೇ ಹೊತ್ತಿಗೆ ಕಾಯಿ ಬಲಿಯುತ್ತಿರುತ್ತದೆ. ಮೇಲಿಂದ ಒದ್ದೆ ಆರುವುದಿಲ್ಲ. ಕೊಳೆರೋಗ ಬರುವುದು ಆಗಲೇ. ಎಲೆ ಕಪ್ಪಾಗಿ ತೊಟ್ಟು ಕಳಚಿಕೊಂಡರೂ ನೆಲಕ್ಕೆ ಬೀಳದೆ ಬೂಸ್ಟಿನ ನೂಲು ಹಿಡಿದು ನೇತಾಡುತ್ತಿರುತ್ತದೆ. ಮುಟ್ಟಿದರೆ ಲೋಳೆ. ಈ ರೋಗದ ಶಾಸ್ತ್ರೀಯ ಹೆಸರಿನಲ್ಲೂ 'ಕೊಳೆರೋಗ' ಎಂಬ ಕನ್ನಡ ಪದವೇ ಇದೆ. ವಿಜ್ಞಾನಿಗಳು ಲ್ಯಾಟಿನ್ ಹುಡುಕಲು ಹೋಗದೆ ನಮ್ಮ ತೋಟದ ಮಾತನ್ನೇ ಎತ್ತಿಕೊಂಡರು. ನಾವು ಜಗತ್ತಿಗೆ ಕೊಟ್ಟ ಪದ ಎಂದು ಜಂಬ ಪಡಬಹುದು, ಪದದ ಅರ್ಥ ಬಿಟ್ಟು.

ಅಂದರೆ ಕಾಫಿ ಎಲೆಗೆ ನೆರಳು ಬೇಕಾ ಬೇಡವಾ ಎಂಬ ಪ್ರಶ್ನೆಯೇ ಸರಿಯಿಲ್ಲ. ಫೆಬ್ರವರಿಯಿಂದ ಮೇ ತನಕ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಇದನ್ನು ರುಬಿಸ್ಕೊ ಹೆಸರು ಕೇಳದ ನಮ್ಮ ಹಿರಿಯರು ಮರಗಸಿ ಎಂಬ ಒಂದೇ ಕೆಲಸದಲ್ಲಿ ಪರಿಹರಿಸಿದ್ದರು. ಮೇಲೆ ಬಳಂಜಿ, ಹಲಸು, ನಂದಿ, ಅತ್ತಿ, ಗೋಣಿಯಂಥ ಕಾಡುಮರ. ಅದರ ಕೆಳಗೆ ಹಾಲುವಾಣ. ಮಳೆಗೆ ಮುಂಚೆ ಹಾಲುವಾಣದ ಕೊಂಬೆ ಕಡಿದು ಬೆಳಕು ಬಿಡುವುದು. ಮಳೆ ಮುಗಿಯುವಷ್ಟರಲ್ಲಿ ಅದು ಚಿಗುರಿ, ಬೇಸಿಗೆಗೆ ಮತ್ತೆ ಕೊಡೆ ಬಿಚ್ಚುತ್ತದೆ. ಹಾಲುವಾಣ ಅವರೆ, ತೊಗರಿಯ ನೆಂಟ. ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟುತ್ತದೆ. ಕಡಿದ ಸೊಪ್ಪು ಬುಡಕ್ಕೆ ಬಿದ್ದು ಕೊಳೆತು, ಆ ಸಾರಜನಕ ಕಾಫಿ ಎಲೆಯ ರುಬಿಸ್ಕೊ ಆಗುತ್ತದೆ. ಬೇಕಾದಾಗ ತೆರೆದು ಮುಚ್ಚುವ ಕಿಟಕಿ, ಜೊತೆಗೆ ಗೊಬ್ಬರ. ಇದಕ್ಕಿಂತ ಒಳ್ಳೆಯ ಯಂತ್ರ ನಾನು ನೋಡಿಲ್ಲ.

ಯಂತ್ರ ನಿಂತದ್ದು ಬೇರೆ ಕಾರಣಕ್ಕೆ. ಮರಗಸಿಗೆ ಜನ ಇಲ್ಲ. ಮರ ಹತ್ತಿ, ಹಗ್ಗ ಕಟ್ಟಿ, ಕೆಳಗಿನ ಗಿಡ ಮುರಿಯದ ಹಾಗೆ ಕೊಂಬೆ ಇಳಿಸುವುದು ಕೈಚಳಕದ ಕೆಲಸ. ಆ ಕೈಗಳಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಸಂಬಳ ಎಷ್ಟು ಕೊಟ್ಟರೂ ಅಪಾಯದ ಬೆಲೆ ಅದರಲ್ಲಿ ಬರುವುದಿಲ್ಲ. ಅಲ್ಯುಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ವರ್ಷ ವರ್ಷ ಜನ ಹುಡುಕುವುದಕ್ಕಿಂತ ಒಂದೇ ಸಲ ಮರ ತೆಗೆಸಿಬಿಡೋಣ ಎಂದು ಬೆಳೆಗಾರ ಯೋಚಿಸಿದರೆ ಅವನನ್ನು ಬೈಯುವುದು ಸುಲಭ. ಬೈದವರು ಮರಗಸಿಗೆ ಬರುವುದಿಲ್ಲ.

ಎರಡನೆಯದು ಕಾನೂನು. ಕೊಡಗಿನ ಜಮೀನಿನ ಬಗೆಗಳನ್ನು ಹೊರಗಿನವರಿಗೆ ವಿವರಿಸಲು ಒಂದು ಸಂಜೆ ಬೇಕು. ಇಲ್ಲಿಗೆ ಬೇಕಾದಷ್ಟು ಹೇಳುತ್ತೇನೆ. ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ, ಜಮೀನಿನಲ್ಲಿ ತಾನಾಗಿ ಬೆಳೆದ ಕಾಡುಮರದ ಮೇಲೆ ಸರ್ಕಾರದ ಹಕ್ಕಿದೆ. ಬೆಳೆಗಾರ ಅದನ್ನು ಸಾಕಬೇಕು, ಮಾರಿ ಲಾಭ ತೆಗೆದುಕೊಳ್ಳಬೇಕಾದರೆ ಕಚೇರಿ ಅಲೆಯಬೇಕು, ದುಡ್ಡು ಕಟ್ಟಬೇಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಈ ರಗಳೆ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೂ ಅದು ವಿನಾಯಿತಿ ಪಟ್ಟಿಯಲ್ಲಿದೆ. ನೆಟ್ಟರೆ ನೇರವಾಗಿ ಎದ್ದು ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಕಡಿದು ಮಾರಬಹುದು. ಬೀಟೆ ಮರ ಕಾಪಾಡಲು ಮಾಡಿದ ನಿಯಮಗಳೇ ಬೀಟೆ ಸಸಿಯನ್ನು ಮೊಳಕೆಯಲ್ಲೇ ಕೀಳಿಸುವ ಹಾಗೆ ಆಗಿವೆ. ಮರ ತನ್ನದಲ್ಲ ಎಂದು ಗೊತ್ತಿದ್ದ ಮೇಲೆ ಯಾರು ಸಸಿ ಉಳಿಸುತ್ತಾರೆ?

ಕಾಫಿ ಎಲೆಯ ದೃಷ್ಟಿಯಿಂದ ಸಿಲ್ವರ್ ಓಕ್ ಕೆಟ್ಟದ್ದೇನಲ್ಲ, ಆದರೆ ಹಾಲುವಾಣದ ಬದಲಿಯೂ ಅಲ್ಲ. ಅದರ ನೆರಳು ಎತ್ತರದಲ್ಲಿ, ತೆಳು. ಬೇಸಿಗೆಯಲ್ಲಿ ಸಾಲುವುದಿಲ್ಲ. ಉದುರಿದ ಸೊಪ್ಪು ಕೊಳೆಯಲು ಬಹಳ ದಿನ ಬೇಕು. ಸಾರಜನಕ ಕಟ್ಟುವುದಿಲ್ಲ. ಬಿಸಿಲು ಬಿದ್ದ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುವುದು ಬೋರರ್‌ನ ಇಷ್ಟದ ಕೆಲಸ, ಹಾಗಾಗಿ ಅರೇಬಿಕಾ ತೋಟದಲ್ಲಿ ತೆಳು ನೆರಳಿನಿಂದಾಗುವ ನಷ್ಟ ಇನ್ನೂ ಜಾಸ್ತಿ.

"ಬ್ರೆಜಿಲ್‌ನಲ್ಲಿ ನೆರಳೇ ಇಲ್ಲವಲ್ಲ?" ಇದು ತಪ್ಪದೇ ಬರುವ ಪ್ರಶ್ನೆ. ಇಲ್ಲ, ನಿಜ. ಅಲ್ಲಿ ಹೆಚ್ಚಿನ ಕಾಫಿ ಬಯಲಿನದೇ, ಫಸಲೂ ಜೋರು. ನಾನು ಇಲ್ಲಿವರೆಗೆ ಹೇಳಿದ್ದು ಒಂದು ಎಲೆಯ ಲೆಕ್ಕ. ಇಡೀ ಗಿಡದ ಲೆಕ್ಕ ಸ್ವಲ್ಪ ಬೇರೆ. ಗಿಡಗಳನ್ನು ಸಾಲಿನಲ್ಲಿ ಒತ್ತಾಗಿ ನೆಟ್ಟರೆ ಮೇಲಿನ ಎಲೆಯೇ ಕೆಳಗಿನ ಎಲೆಗೆ ಮರವಾಗುತ್ತದೆ. ಬ್ರೆಜಿಲ್ ಮಾಡುವುದು ಅದನ್ನೇ. ಜೊತೆಗೆ ಧಾರಾಳ ಗೊಬ್ಬರ, ಯಂತ್ರ ಓಡುವ ಅಗಲವಾದ ಜಾಗ, ಹಲವು ಕಡೆ ನೀರಾವರಿ, ಕೊಯ್ಲಿಗೆ ಒಣ ಚಳಿಗಾಲ. ಸುಸ್ತಾದ ಗಿಡವನ್ನು ಅಡ್ಡಕ್ಕೆ ಕಡಿದು ಹೊಸದಾಗಿ ಚಿಗುರಿಸುವ ಪದ್ಧತಿಯೂ ಇದೆ. ಹೆಚ್ಚಿದ ಬಾಯಿಗಳನ್ನು ದುಡ್ಡು ಸುರಿದು ಸಾಕುತ್ತಾರೆ. ಅದನ್ನು ಭಾಗಮಂಡಲದ ಇಳಿಜಾರಿಗೆ ತಂದು ಹಾಕಿದರೆ? ಅಲ್ಲಿನ ಮಳೆ ಒಂದು ವಾರ ಹೊಡೆದರೆ ಬರಿ ನೆಲದ ಮೇಲ್ಮಣ್ಣು ತೋಡು ಸೇರುತ್ತದೆ. ಸುಣ್ಣ, ಮೆಗ್ನೀಷಿಯಂ ಕೊಚ್ಚಿಹೋಗುವುದು ಈಗಲೇ ಇದೆ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಕೂತಿರುವುದು ಮೆಗ್ನೀಷಿಯಂ. ಹಳೇ ಎಲೆಯ ನರ ಹಸಿರಾಗಿದ್ದು ನಡುವಿನ ಜಾಗ ಹಳದಿಯಾದರೆ ಅದರ ಕೊರತೆ ಎಂದು ಲೆಕ್ಕ. ಸುಣ್ಣ, ಮೆಗ್ನೀಷಿಯಂ ಎರಡೂ ಇರುವ ಡೋಲೋಮೈಟ್ ಹಾಕಿ ಅನ್ನುವುದು ಇದೇ ಕಾರಣಕ್ಕೆ.

ಇನ್ನೊಂದು ವಾದ ಓದಿದವರಿಂದ ಬರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 1958ರಲ್ಲಿ ಹತ್ತು ಲಕ್ಷಕ್ಕೆ 315ರಷ್ಟಿತ್ತು, ಈಗ 420 ದಾಟಿದೆ, ಅಕ್ಕಿಯೇ ಜಾಸ್ತಿಯಾದ ಮೇಲೆ ಗಿಡಕ್ಕೆ ಒಳ್ಳೆಯದಲ್ವಾ ಎಂದು. ಒಂದು ಮಟ್ಟಿಗೆ ಹೌದು, ರುಬಿಸ್ಕೊ ತಪ್ಪು ಮಾಡುವುದು ಕಮ್ಮಿಯಾಗುತ್ತದೆ. ಆದರೆ ಅದೇ ಅನಿಲ ಬಿಸಿಯನ್ನೂ ತರುತ್ತದೆ. ಅರೇಬಿಕಾ ಆರಾಮಾಗಿರುವುದು 18ರಿಂದ 23 ಡಿಗ್ರಿಯಲ್ಲಿ. ಹೂಮಳೆ ಹೊತ್ತಿಗೆ ಬಾರದೆ, ಕೊಯ್ಲಿನ ನಡುವೆ ಮಳೆ ಸುರಿದರೆ ಅಕ್ಕಿ ಜಾಸ್ತಿ ಇದ್ದು ಏನು ಮಾಡುವುದು?

ನನ್ನ ಮಟ್ಟಿಗೆ ಲೆಕ್ಕ ಹೀಗಿದೆ. ರೊಬಸ್ಟಾ ಬದಿಯಲ್ಲಿ ನೀರಿನ ವ್ಯವಸ್ಥೆ ಇರುವ ಕಡೆ ನೆರಳು ಇನ್ನೂ ಸ್ವಲ್ಪ ತೆಳು ಮಾಡಿದ್ದೇನೆ, ಪಕ್ಕದ ತೋಟದವರ ಮಾತಿಗೆ ಅಷ್ಟು ಬೆಲೆ ಕೊಟ್ಟೆ. ಅರೇಬಿಕಾ ಬದಿಯಲ್ಲಿ ಅತ್ತಿ ಮರ ಬಿದ್ದ ಜಾಗಕ್ಕೆ ಜೂನ್ ಮಳೆಯಲ್ಲಿ ಹಾಲುವಾಣದ ಗೂಟ ನೆಟ್ಟೆ. ಎಂಟು ನೆಟ್ಟಿದ್ದರಲ್ಲಿ ಐದು ಹಿಡಿದವು. ಸತ್ತ ಗಿಡಗಳ ಜಾಗಕ್ಕೆ ಹೊಸ ಸಸಿ ಇಟ್ಟಾಗಿದೆ. ಡೈಬ್ಯಾಕ್ ಆದವುಗಳಲ್ಲಿ ಅರ್ಧ, ಕಪಾತು ಮಾಡಿದ ಮೇಲೆ ಚಿಗುರಿ ಕಡು ಹಸಿರು ಎಲೆ ಬಿಟ್ಟಿವೆ. ಫಸಲು ಈ ಸಲ ಹಿಡಿಯಷ್ಟು.

ಮೊನ್ನೆ ಮರಗಸಿಗೆ ಬಂದವನು ಆ ಐದು ಹಾಲುವಾಣದ ಹತ್ತಿರ ಕತ್ತಿ ಹಿಡಿದು ನಿಂತು ಕೇಳಿದ: "ಅಣ್ಣ, ಇದರ ಕೊಂಬೆ ಮಾತ್ರ ತೆಗೀಬೇಕಾ, ಮರಾನೇ ತೆಗೀಬೇಕಾ?" ಈಗೀಗ ಎಲ್ಲ ತೋಟದಲ್ಲೂ ಮೊದಲು ಇದನ್ನೇ ಕೇಳುತ್ತಾನಂತೆ. ಕೊಂಬೆ ಮಾತ್ರ ಅಂದೆ. ಪಡುವಣ ಬದಿಯ ಎರಡು ಕೊಂಬೆ ಬಿಟ್ಟು ಉಳಿದದ್ದು ಇಳಿಸಿ, ಸೊಪ್ಪನ್ನು ಗಿಡದ ಬುಡಕ್ಕೆ ಎಳೆದು ಹಾಕಿ ಹೋದ.